ಬಾಡಿಗೆ ಟೈಪ್‌ರೈಟರು

ಲಂಡನ್ನಿನ ಬೇಸ್‌ವಾಟರು. ಕೆಳಗೆ ಹಲ್ಲು ಕೀಳುವವನು,
ಮೇಲೆ ನಾವು: ಎರಡು ಕೋಣೆ, ಒಂದು ಬಾವುಟ,
ಶಿಲ್ಲಿಂಗು ನುಂಗಿಸಿದರಷ್ಟೇ ಕಾಯುವ ಗ್ಯಾಸಿನ ಒಲೆ.
ಇದೇ ರಾಯಭಾರ ಕಚೇರಿ.
ಹುಟ್ಟಿ ಮೂರು ವರ್ಷ ತುಂಬದ ದೇಶಕ್ಕೆ
ಇದಕ್ಕಿಂತ ದೊಡ್ಡ ಅಂಗಿ ಹೊಲಿಸಲು ಬಟ್ಟೆ ಸಾಲದು.

ನಾನು ಟೈಪಿಸ್ಟು. ಕೀಲಿಗಳೂ ಯಂತ್ರವೂ ಬಾಡಿಗೆಯವು,
ಹೋಬರ್ನ್‌ನ ಕಂಪನಿಯದು, ವಾರಕ್ಕೆ ಹದಿನೈದು ಶಿಲ್ಲಿಂಗು.
ವರ್ಸಮೆ ಸಾಹೇಬರು ನನ್ನ ಹೆಸರು ಹಿಡಿಯುವುದಿಲ್ಲ:
"ಮಿಸ್ ರಾಯಚೂರ್, ಕಾರ್ಬನ್ ಮೂರು."

ಉತ್ತರದ ಕಡತ ಇಂಗ್ಲಿಷಿನಲ್ಲಿ, ದಕ್ಷಿಣದ್ದು ಇಟಾಲಿಯನ್ನಿನಲ್ಲಿ,
ನಮಾಜಿಗೆ ಅರಬ್ಬಿ.
ಜಗಳಕ್ಕೆ, ಪದ್ಯಕ್ಕೆ, ಒಂಟೆ ಕರೆಯಲಿಕ್ಕೆ ಮಾತ್ರ ತಮ್ಮದು;
ಅದಕ್ಕೆ ಯಾವ ಲಿಪಿ ಎಂಬ ತಕರಾರು
ಅಲ್ಲಿನ ಸಂಸತ್ತಿನಲ್ಲಿ ಇನ್ನೂ ಕುದಿಯುತ್ತಿದೆ.
ನನಗೆ ನಗು. ನಮ್ಮಪ್ಪನೂ ಹಾಗೇ:
ಫಸಲಿ ಲೆಕ್ಕ ಉರ್ದುವಿನಲ್ಲಿ ಬರೆದು
ಬೈಗುಳವನ್ನು ಕನ್ನಡಕ್ಕೆ ಉಳಿಸಿಕೊಂಡಿದ್ದ.
ಒಂದು ಬೆಳಗಾಗೆದ್ದರೆ ನಮ್ಮೂರು
ಇದ್ದಲ್ಲೇ ಇದ್ದು ಬೇರೆ ರಾಜ್ಯಕ್ಕೆ ಹೋಗಿತ್ತು.

"ನಿಮ್ಮದರಲ್ಲಿ ಅಕ್ಷರ ಎಷ್ಟು?"
ಐವತ್ತರ ಹತ್ತಿರ, ಸಾಹೇಬರೆ.
"ಸ್ವಲ್ಪ ಸಾಲ ಕೊಡು. ಷರತ್ತು ಹಾಕಬೇಡ."

ಷರತ್ತಿನವರೇ ಮೆಟ್ಟಿಲು ಹತ್ತುತ್ತಿದ್ದರು.
ವಾಷಿಂಗ್ಟನ್ನಿನವನು ಗೋಧಿಯ ಮಾತಾಡಿ
ರೇವಿನ ಆಳ ಎಷ್ಟೆಂದು ಕೇಳಿದ.
ಮಾಸ್ಕೋದವನು ತುಪ್ಪಳದ ಟೋಪಿ ತಂದ.
"ಟೋಪಿ ಎಲ್ಲರೂ ಹಾಕುತ್ತಾರೆ,
ಇವನೊಬ್ಬ ಕೈಯಲ್ಲಿ ಹಿಡಿದು ತೋರಿಸಿದ" ಎಂದೆ;
ಇಂಗ್ಲಿಷಿಗೆ ತಂದು ಹೇಳುವಷ್ಟರಲ್ಲಿ ನಗೆ ಆರಿತ್ತು.
ಕೈರೋದಿಂದ ಮೇಷ್ಟರು ಬರುತ್ತಾರಂತೆ, ಜೊತೆಗೊಂದು ರೇಡಿಯೋ.
ಆಫ್ರಿಕದ ಬಂಧುಗಳು ಅಪ್ಪಿಕೊಂಡು ಕಿವಿಯಲ್ಲಿ ಅಂದರು:
ಬಿಳಿಯರು ಎಳೆದ ಗೆರೆ ಕೆಟ್ಟದ್ದೇ, ಆದರೆ ಮುಟ್ಟಬೇಡಿ,
ನಿಮ್ಮದು ಅಳಿಸಿದರೆ ನಮ್ಮದೂ ಅಳಿಸೀತು.
ದೀನಿನ ಬಂಧುಗಳು ದುಆ ಕಳಿಸಿದರು, ತಂತಿಯಲ್ಲಿ.

ಬಾವುಟದ ನಕ್ಷತ್ರಕ್ಕೆ ಐದು ಮೊನೆ,
ಎರಡು ಮನೆಯೊಳಗೆ, ಮೂರು ಗಡಿಯಾಚೆ.
ಇಸ್ತ್ರಿ ಮಾಡುವಾಗೆಲ್ಲ ಆ ಮೂರರ ಮೇಲೆ
ನನ್ನ ಕೈ ನಿಧಾನವಾಗುತ್ತಿತ್ತು.

ಮಾರ್ಚಿ. ಡಿಸೆಂಬರಿನ ಹಿಮ ಮೂಲೆಗಳಲ್ಲಿ ಇನ್ನೂ ಕಪ್ಪಗೆ ಕೂತಿತ್ತು.
ತಂತಿ ಬಂತು. ಒಂದು ಮೊನೆಯನ್ನು ಲಂಡನ್ನು
ಪಕ್ಕದ ಮನೆಯವರ ಹೆಸರಿಗೆ ಬರೆದಿತ್ತು.
ಬಾವಿಗಳು, ಬಾವಿ ಸುತ್ತಲಿನ ಒಂಟೆಗಳು,
ವರ್ಸಮೆಯವರ ಸೋದರಮಾವಂದಿರು ಸಮೇತ.

ಕಿರಿಯ ಕಾರ್ಯದರ್ಶಿ ಅಬ್ಶಿರ್ ಮೇಜು ಗುದ್ದಿದ.
ಮಸಿಕುಡಿಕೆ ಹಾರಿತು; ನಾನು ಒರೆಸಿದೆ.
ಸಂಬಂಧ ಕಡಿದುಕೊಳ್ಳುವ ಪತ್ರ, ಒಂದೂವರೆ ಪುಟ,
ಕಡಿಯಬೇಕಾದವರ ಭಾಷೆಯಲ್ಲೇ.
ಕೊನೆಯ ಸಾಲು ಬಂತು: "ತಮ್ಮ ಬಗೆಗಿನ
ಅತ್ಯುನ್ನತ ಗೌರವವನ್ನು ಪುನಃ ದೃಢಪಡಿಸುತ್ತ…"
ಇದೂ ಬೇಕೆ?
ಪದ್ಧತಿ, ಸಾಹೇಬರೆ.
ಕಿಟಕಿಯಾಚೆ ಕೆಂಪು ಬಸ್ಸೊಂದು ತುಂಬಿ ಹೋಯಿತು.
"ಹೊಡಿ. ನಾವು ಮರ್ಯಾದಸ್ಥರು."

ಪತ್ರವನ್ನು ಕೋಟಿನೊಳಗಿಟ್ಟು ಪಾರ್ಕು ದಾಟಿ
ನಡೆದೇ ಹೋದರು. ಟ್ಯಾಕ್ಸಿಗೆ ಕಾಸಿತ್ತು,
ನನ್ನ ಸಂಬಳಕ್ಕೆಂದು ಎತ್ತಿಟ್ಟಿದ್ದರು.

ಸಂಜೆ ಮರಳಿದಾಗ ಬೂಟು ಬಿಚ್ಚದೆ
ಒಂಟೆ ಕಾಯುವ ಹೆಂಗಸರ ನಾಲ್ಕು ಸಾಲು ಹೇಳಿದರು, ತಮ್ಮದರಲ್ಲಿ.
ನಾನು ಪೆನ್ಸಿಲ್ಲು ಹಿಡಿದೆ, ಕನ್ನಡದಲ್ಲಿ ಇಳಿಸಿದೆ,
ಅರ್ಥವಾಗದೆ, ಒತ್ತುಗಳ ಸಮೇತ,
ಓದಿ ಒಪ್ಪಿಸಿದೆ.
ಅವರು ಎದ್ದು ನಿಂತರು.
"ಆ 'ಅ' ಇನ್ನೂ ಗಂಟಲ ತಳದಿಂದ ಬರಬೇಕು.
ಉಳಿದದ್ದು ನನ್ನ ತಾಯಿಯದೇ."

ಆ ಹಾಳೆಗೆ ಕಾರ್ಬನ್ ಇಟ್ಟಿರಲಿಲ್ಲ.
ಬಾಗಿಲಲ್ಲಿ ಹೋಬರ್ನ್ ಕಂಪನಿಯ ಹುಡುಗ,
ಯಂತ್ರ ಒಯ್ಯಲು ಬಂದವನು, ಕೀಲಿ ಎಣಿಸುತ್ತಿದ್ದ.
"ತಿಂಗಳ ಕೊನೆವರೆಗೆ ದುಡ್ಡು ಕಟ್ಟಿದ್ದೀರಲ್ಲ," ಎಂದ,
"ಏನವಸರ?"